ಮನೆಯ ಬಳಿಯ ಹಸುರು ಮತ್ತು ಮನಸ್ಸಿನ ನೆಮ್ಮದಿ

ಹುಣಸೂರಿನಂಥ ಊರಿಗೆ ಪಾರ್ಕು ಏತಕ್ಕೆ? ಈ ಪ್ರಶ್ನೆಯನ್ನು ನಾವು ಹಲವು ಬಾರಿ ಕೇಳಿದ್ದೇವೆ. ಕೇಳತಕ್ಕವರು ಅವಿವೇಕಿಗಳೇನೂ ಅಲ್ಲ. ಊರು ದಾಟಿದರೆ ಗದ್ದೆ, ಹೊಲ, ತೆಂಗಿನ ತೋಟ. ಊರಿನ ಮಗ್ಗುಲಲ್ಲೇ ಹರಿಯುವ ಲಕ್ಷ್ಮಣತೀರ್ಥ. ಇನ್ನೂ ಮುಂದೆ ಹೋದರೆ ನಾಗರಹೊಳೆಯ ಮಹಾರಣ್ಯ. ಇಷ್ಟೆಲ್ಲ ಹಸುರನ್ನು ಸುತ್ತಲೂ ಇಟ್ಟುಕೊಂಡ ಊರಿನವರು ಬೆಂಗಳೂರಿನವರಂತೆ ಬೇಲಿಯೊಳಗೆ ಹುಲ್ಲು ಬೆಳೆಸಿ ಅದರ ಮುಂದೆ ಕಲ್ಲುಬೆಂಚು ಹಾಕಿಕೊಂಡು ಕುಳಿತುಕೊಳ್ಳುವುದು ಹಾಸ್ಯಾಸ್ಪದವಲ್ಲವೆ ಎಂದು ಅವರ ಅಭಿಪ್ರಾಯ. ಪಿರಿಯಾಪಟ್ಟಣದವರೂ ಕೃಷ್ಣರಾಜನಗರದವರೂ ಇದನ್ನೇ ಹೇಳುತ್ತಾರೆ. ಹೆಗ್ಗಡದೇವನಕೋಟೆಯವರಂತೂ ನಕ್ಕುಬಿಡುತ್ತಾರೆ: ‘ನಮಗೆ ಮರ ಸಾಲದೆ?’

ಈ ವಾದವನ್ನು ನಾವು ಗೌರವದಿಂದಲೇ ಪರೀಕ್ಷಿಸಬೇಕು. ಏಕೆಂದರೆ, ಇದು ನಿಜವಾದ ಪಕ್ಷದಲ್ಲಿ ಈ ಊರುಗಳಲ್ಲಿ ಇದ್ದಬದ್ದ ಬಯಲುಗಳನ್ನು ಮಳಿಗೆಗಳಿಗೂ ನಿವೇಶನಗಳಿಗೂ ಕೊಟ್ಟುಬಿಡುವುದರಲ್ಲಿ ನಷ್ಟವಿಲ್ಲ. ಇದು ತಪ್ಪಾದರೆ, ಒಮ್ಮೆ ಕೊಟ್ಟ ನೆಲ ಮರಳಿ ಬಾರದು.

ವಿಚಾರವೆಲ್ಲ ‘ಬಳಿ’ ಎಂಬ ಒಂದು ಮಾತಿನಲ್ಲಿ ಅಡಗಿದೆ. ಅರಣ್ಯ ಹದಿನೈದು ಮೈಲಿ ದೂರದಲ್ಲಿದೆ ಎಂಬುದು ಭೂಪಟದ ಸಂಗತಿ. ಬೆಳಗ್ಗೆ ಐದು ಗಂಟೆಗೆ ಎದ್ದು, ಒಲೆ ಹಚ್ಚಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಅತ್ತೆಗೆ ಔಷಧಿ ಕೊಟ್ಟು, ಮಧ್ಯಾಹ್ನ ಮೂರಕ್ಕೆ ಅರ್ಧ ಗಂಟೆಯ ಬಿಡುವು ಪಡೆಯುವ ಗೃಹಿಣಿಯೊಬ್ಬಳಿಗೆ ಆ ಹದಿನೈದು ಮೈಲಿಯೂ ಒಂದೇ, ಕಾಶಿಯೂ ಒಂದೇ. ಅವಳ ಪಾಲಿಗೆ ಹಸುರೆಂದರೆ ಬಾಗಿಲು ತೆರೆದರೆ ಕಾಣತಕ್ಕದ್ದು, ಕಾಲ್ನಡೆಯಲ್ಲಿ ಐದು ನಿಮಿಷಕ್ಕೆ ಸಿಕ್ಕತಕ್ಕದ್ದು, ಅಷ್ಟೇ. ಗದ್ದೆಯ ವಿಷಯವೂ ಹಾಗೆಯೇ. ಗದ್ದೆ ಅದರ ಒಡೆಯನಿಗೆ ಕೆಲಸದ ಸ್ಥಳ. ಉಳಿದವರಿಗೆ ಪರರ ಸ್ವತ್ತು. ಬದುವಿನ ಮೇಲೆ ಸುಮ್ಮನೆ ಹೋಗಿ ಕುಳಿತವನನ್ನು ಒಡೆಯನು ಅನುಮಾನದಿಂದಲೇ ನೋಡುತ್ತಾನೆ.

ಹೆಗ್ಗಡದೇವನಕೋಟೆಯ ಉದಾಹರಣೆಯು ಇನ್ನೂ ಬೋಧಪ್ರದವಾದುದು. ನಾಗರಹೊಳೆ 1955ರಲ್ಲಿ ವನ್ಯಮೃಗಧಾಮವಾಯಿತು. ತರುವಾಯ ರಾಷ್ಟ್ರೀಯ ಉದ್ಯಾನವೂ ಹುಲಿಗಳ ರಕ್ಷಿತಪ್ರದೇಶವೂ ಆಯಿತು. 1974ರಲ್ಲಿ ಕಬಿನಿಗೆ ಅಣೆಕಟ್ಟು ಮುಗಿದು ಅದರ ಹಿನ್ನೀರು ಕಾಡಿನ ಅಂಚಿಗೂ ಹರಡಿತು. ದೇಶವಿದೇಶಗಳಿಂದ ಜನರು ಹಣ ತೆತ್ತು ಮನಶ್ಶಾಂತಿಗಾಗಿ ಅಲ್ಲಿಗೆ ಬರುತ್ತಾರೆ. ಆದರೆ ಅದೇ ಕಾಡಿನ ಅಂಚಿನ ಹಳ್ಳಿಯ ರೈತನಿಗೆ ಸಂಜೆಯಾಯಿತೆಂದರೆ ಎದೆಯಲ್ಲಿ ನಡುಕ. ರಾಗಿಯ ಹೊಲಕ್ಕೆ ಆನೆ ಬಂದೀತೆ, ಕೊಟ್ಟಿಗೆಯ ಕರುವನ್ನು ಹುಲಿ ಎಳೆದೀತೆ ಎಂಬ ಚಿಂತೆಯಲ್ಲಿ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕಣ್ಣು ತೆರೆದಿರುವವನಿಗೆ ಅರಣ್ಯವು ನೆಮ್ಮದಿಯ ತಾಣವೆಂದು ಉಪದೇಶಿಸುವವರು ಯಾರು? ಇನ್ನು, ಆ ಕಾಡನ್ನೇ ಮನೆ ಮಾಡಿಕೊಂಡಿದ್ದ ಜೇನುಕುರುಬರ ಪಾಡು ಬೇರೆಯದು. ಕಾಡಿನೊಳಗಿನ ಹಾಡಿಗಳಿಂದ ಹೊರಕ್ಕೆ ಬಂದು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿಗಳಲ್ಲಿ ಸಾಲುಮನೆ ಪಡೆದವರಿಗೆ ಮರಗಳು ದೂರದಿಂದ ಕಾಣುತ್ತವೆ. ಹಿಂದಿನಂತೆ ಒಳಕ್ಕೆ ಹೋಗಿ ಜೇನು, ಗೆಡ್ಡೆ ತರುವ ಸ್ವಾತಂತ್ರ್ಯವಿಲ್ಲ. ಕಣ್ಣಿಗೆ ಕಾಣುವ ಹಸುರಿಗೂ ಕಾಲಿಡಬಹುದಾದ ಹಸುರಿಗೂ ಎಷ್ಟು ಅಂತರವಿದೆಯೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೀಗಾಗಿ ನಮಗೆ ಬೇಕಾದುದು ಕೇವಲ ಹಸುರಲ್ಲ. ಸಮೀಪವಾದ, ಭಯವಿಲ್ಲದ, ಯಾರ ಅಪ್ಪಣೆಯೂ ಬೇಡದ ಹಸುರು.

ಇಷ್ಟಕ್ಕೂ ಅದರಿಂದ ಮನಸ್ಸಿಗೆ ಆಗುವುದೇನು? ಇದು ಕವಿಗಳ ಮಾತೇ, ಅಥವಾ ಇದರಲ್ಲಿ ಶಾಸ್ತ್ರವೇನಾದರೂ ಉಂಟೆ?

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸನು 19ನೆಯ ಶತಮಾನದ ಕೊನೆಯಲ್ಲಿಯೇ ಅವಧಾನದಲ್ಲಿ ಎರಡು ಬಗೆಗಳನ್ನು ತೋರಿಸಿದ್ದನು. ಒಂದು, ನಾವು ಪ್ರಯತ್ನಪಟ್ಟು ಕೊಡುವ ಗಮನ. ಲೆಕ್ಕದ ಪುಸ್ತಕ ಬರೆಯುವಾಗ, ಪರೀಕ್ಷೆಗೆ ಓದುವಾಗ, ಸಂತೆಯ ಗದ್ದಲದಲ್ಲಿ ಮಗುವಿನ ಕೈ ಹಿಡಿದು ರಸ್ತೆ ದಾಟುವಾಗ ಬೇಕಾದುದು. ಇನ್ನೊಂದು, ತಾನಾಗಿ ಹರಿಯುವ ಗಮನ. ಎಲೆ ಅಲುಗಿದರೆ, ಅಳಿಲು ಓಡಿದರೆ, ಮೋಡ ಸರಿದರೆ ಕಣ್ಣು ಅತ್ತ ಹೋಗುತ್ತದೆ, ಶ್ರಮವಿಲ್ಲ. ಮೊದಲನೆಯದು ದುಡಿದು ದಣಿಯತಕ್ಕದ್ದು. ದಣಿದಾಗ ಸಿಡುಕು ಬರುತ್ತದೆ, ಮರೆವು ಬರುತ್ತದೆ, ಸಣ್ಣ ಮಾತು ದೊಡ್ಡದಾಗುತ್ತದೆ. ರೇಚೆಲ್ ಮತ್ತು ಸ್ಟೀಫನ್ ಕಪ್ಲನ್ ಎಂಬ ದಂಪತಿಗಳು 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರವನ್ನು ವಿಸ್ತರಿಸಿ, ಮರಗಿಡಗಳ ನಡುವೆ ಇರುವಾಗ ಎರಡನೆಯ ಬಗೆಯ ಗಮನವು ಮೃದುವಾಗಿ ತೊಡಗಿಕೊಂಡು ಮೊದಲನೆಯದಕ್ಕೆ ವಿಶ್ರಾಂತಿ ಕೊಡುತ್ತದೆಂದು ಪ್ರತಿಪಾದಿಸಿದರು. ನಮ್ಮ ಅಷ್ಟಾವಧಾನಿಗಳನ್ನು ಕೇಳಿದರೆ ಅವಧಾನವು ದಣಿಯುವ ವಸ್ತುವೆಂಬುದನ್ನು ಅವರೂ ಒಪ್ಪಿಯಾರು. ನಿದ್ರೆಯು ದೇಹಕ್ಕೆ ಕೊಡುವುದನ್ನು ಹೊಂಗೆಯ ನೆರಳು ಎಚ್ಚರದಲ್ಲಿಯೇ ಮನಸ್ಸಿಗೆ ಕೊಡುತ್ತದೆಂದು ಸ್ಥೂಲವಾಗಿ ಹೇಳಬಹುದು.

ಸಿದ್ಧಾಂತಕ್ಕೆ ಪ್ರಯೋಗದ ಬೆಂಬಲ ಬೇಕು. 1984ರಲ್ಲಿ ರೋಜರ್ ಉಲ್ರಿಚ್ ಎಂಬ ವಿದ್ವಾಂಸನು ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರ ದಾಖಲೆಗಳನ್ನು ಶೋಧಿಸಿ ಬರೆದ ಲೇಖನವು ಪ್ರಸಿದ್ಧವಾಗಿದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳನ್ನು ವಯಸ್ಸು ಮೊದಲಾದವುಗಳಲ್ಲಿ ಸಮಾನರಾದ 23 ಜೋಡಿಗಳನ್ನಾಗಿ ಮಾಡಿ ಹೋಲಿಸಿದಾಗ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಸರಾಸರಿ 7.96 ದಿನಗಳಲ್ಲಿ ಮನೆಗೆ ಹೋದರು. ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗೆ 8.70 ದಿನಗಳು ಬೇಕಾದುವು. ಮರ ಕಂಡವರು ತೀವ್ರವಾದ ನೋವಿನ ಔಷಧಿಗಳನ್ನೂ ಕಡಿಮೆ ತೆಗೆದುಕೊಂಡಿದ್ದರು. ರೋಗಿಗಳ ಸಂಖ್ಯೆ ಸಣ್ಣದು. ಆದುದರಿಂದ ಇದನ್ನೊಂದನ್ನೇ ಹಿಡಿದು ಜಯಘೋಷ ಮಾಡುವುದು ಉಚಿತವಲ್ಲ.

ಡೆನ್ಮಾರ್ಕಿನಲ್ಲಿ ಸಂಖ್ಯೆಗೆ ಕೊರತೆಯಿರಲಿಲ್ಲ. ಅಲ್ಲಿ 1985ರಿಂದ 2003ರ ವರೆಗೆ ಹುಟ್ಟಿದ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು, ಅವರು ಬಾಲ್ಯದಲ್ಲಿ ವಾಸವಾಗಿದ್ದ ಮನೆಗಳ ಸುತ್ತಣ ಹಸುರನ್ನು ಉಪಗ್ರಹಚಿತ್ರಗಳಿಂದ ಅಳೆದು, 2019ರಲ್ಲಿ ಹೋಲಿಸಿ ನೋಡಿದರು. ಅತಿ ಕಡಿಮೆ ಹಸುರಿನ ನಡುವೆ ಬೆಳೆದವರಲ್ಲಿ ಮುಂದೆ ಮಾನಸಿಕ ವ್ಯಾಧಿಗಳು ತಲೆದೋರುವ ಸಂಭವವು, ಅತಿ ಹೆಚ್ಚು ಹಸುರಿನವರಿಗಿಂತ, ಶೇಕಡ 55ರ ವರೆಗೂ ಅಧಿಕವಾಗಿತ್ತು. ತಂದೆತಾಯಿಗಳ ಸಂಪತ್ತು, ಕುಟುಂಬದಲ್ಲಿ ಹಿಂದೆ ಇದ್ದ ರೋಗ, ಪಟ್ಟಣವಾಸ, ಇವುಗಳ ಲೆಕ್ಕವನ್ನು ಕಳೆದ ಮೇಲೆಯೂ ಸಂಬಂಧ ಉಳಿಯಿತು.

ಆದರೂ ವಿಚಾರಶೀಲನಾದ ಓದುಗನು ಆಕ್ಷೇಪಿಸಬಹುದು: ಹಸುರಿನ ಬಳಿ ಮನೆ ಮಾಡುವವರು ಸಾಮಾನ್ಯವಾಗಿ ಅನುಕೂಲಸ್ಥರು, ಅವರ ಚಿಂತೆಗಳು ಕಡಿಮೆಯಾಗಿರುವುದು ಮರದಿಂದಲೋ, ಬ್ಯಾಂಕಿನ ಪುಸ್ತಕದಿಂದಲೋ? ಈ ಆಕ್ಷೇಪಕ್ಕೆ ಉತ್ತರ ಕೊಡುವುದಕ್ಕೆ ನೋಡುವುದಷ್ಟೇ ಸಾಲದು, ಮಾಡಿ ನೋಡಬೇಕು. ಫಿಲಡೆಲ್ಫಿಯ ನಗರದಲ್ಲಿ ಹಾಗೆ ಮಾಡಿ ನೋಡಿದರು. ಪಾಳುಬಿದ್ದು ಕಸ ತುಂಬಿದ್ದ 541 ನಿವೇಶನಗಳನ್ನು ಆರಿಸಿ, ಚೀಟಿಯೆತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಕಸ ತೆಗೆದು, ನೆಲ ಸಮಮಾಡಿ, ಹುಲ್ಲು ಬೆಳೆಸಿ, ಕೆಲವು ಮರಗಳನ್ನು ನೆಟ್ಟು, ಒಳಗೆ ಹೋಗಲು ದಾರಿ ಬಿಟ್ಟು ಮೊಣಕಾಲೆತ್ತರದ ಮರದ ಬೇಲಿ ಹಾಕಿದರು. ಇನ್ನೊಂದರಲ್ಲಿ ಕಸವನ್ನು ಮಾತ್ರ ತೆಗೆದರು. ಮೂರನೆಯದನ್ನು ಇದ್ದಂತೆಯೇ ಬಿಟ್ಟರು. ನೆರೆಯ 342 ನಿವಾಸಿಗಳನ್ನು ಮೊದಲೂ ಅನಂತರವೂ ವಿಚಾರಿಸಿದಾಗ, ಹಸುರು ಮಾಡಿದ ಕಡೆಯಲ್ಲಿ ಮನಸ್ಸು ಕುಗ್ಗಿದೆಯೆಂದು ಹೇಳುವವರ ಪ್ರಮಾಣವು, ಏನೂ ಮಾಡದ ಕಡೆಗೆ ಹೋಲಿಸಿದರೆ, ಶೇಕಡ 41.5ರಷ್ಟು ಇಳಿದಿತ್ತು. ಬಡವರ ಕೇರಿಗಳಲ್ಲಿ ಇಳಿಕೆಯು ಇನ್ನೂ ಹೆಚ್ಚು, ಶೇಕಡ 68.7. ಕಸ ಮಾತ್ರ ತೆಗೆದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇದು 2018ರಲ್ಲಿ ಪ್ರಕಟವಾಯಿತು. ನಮ್ಮ ಮನಸ್ಸಿಗೆ ಬಹಳ ನಾಟಿದ ಪ್ರಯೋಗ ಇದೇ. ಅಲ್ಲಿ ಕಾರಂಜಿಯಿರಲಿಲ್ಲ, ಬಣ್ಣದ ದೀಪವಿರಲಿಲ್ಲ, ಗುಲಾಬಿಯ ಮಡಿಯೂ ಇರಲಿಲ್ಲ. ಹುಲ್ಲು, ಎರಡು ಮರ, ಒಂದು ತಗ್ಗು ಬೇಲಿ.

ಬೃಂದಾವನದಂಥ ಉದ್ಯಾನಗಳನ್ನು ನಾವು ಹೀಗಳೆಯುತ್ತಿಲ್ಲ. ಅದು ನಾಡಿಗೊಂದು ಶೋಭೆ. ಆದರೆ ವರ್ಷಕ್ಕೊಮ್ಮೆ ನೋಡುವ ಶೋಭೆಯು ಹಬ್ಬದ ಊಟದಂತೆ. ನಾವು ಇಲ್ಲಿ ವಿಚಾರ ಮಾಡುತ್ತಿರುವುದು ದಿನದಿನದ ಮುದ್ದೆಯನ್ನು.

ಈಗ ನಮ್ಮ ಊರುಗಳಿಗೆ ಬರೋಣ. ಮನೆಯ ಬಳಿ ಹಸುರಿರಬೇಕೆಂಬ ತಿಳಿವಳಿಕೆ ನಮಗೆ ಹೊರಗಿನಿಂದ ಬಂದುದಲ್ಲ. ಹಳೆಯ ಮನೆಗೆ ಮುಂದೆ ಜಗಲಿ, ಹಿಂದೆ ಹಿತ್ತಲು. ಹಿತ್ತಲಲ್ಲಿ ಕರಿಬೇವು, ನುಗ್ಗೆ, ಬಾಳೆ, ಒಂದು ಪರಂಗಿ, ಬಾವಿಯ ಕಟ್ಟೆಯ ಮಗ್ಗುಲಿಗೆ ಮಲ್ಲಿಗೆಯ ಬಳ್ಳಿ. ಹೆಂಗಸರ ಸುಖದುಃಖದ ಮಾತೆಲ್ಲ ಎರಡು ಹಿತ್ತಲುಗಳ ನಡುವಣ ಬೇಲಿಯ ಮೇಲೆಯೇ ನಡೆಯುತ್ತಿತ್ತು. ಊರ ನಡುವೆ ಅರಳಿಯ ಕಟ್ಟೆ. ಊರ ಹೊರಗೆ ಗುಂಡುತೋಪು. ಮೈಸೂರು ಸೀಮೆಯ ಕಂದಾಯದ ಲೆಕ್ಕಗಳಲ್ಲಿಯೂ ಗುಂಡುತೋಪೆಂಬ ಹೆಸರಿನಿಂದಲೇ ದಾಖಲಾಗಿರುವ ಈ ಸಾಮುದಾಯಿಕ ತೋಪುಗಳಲ್ಲಿ ಮಾವು, ಹುಣಸೆ, ನೇರಳೆ, ಹಲಸು, ಹೊಂಗೆಗಳು ಬೆಳೆದಿದ್ದುವು. ಗಾಡಿಗಳು ತಂಗುತ್ತಿದ್ದುವು, ದನಗಳು ಮಲಗಿ ಮೆಲುಕುಹಾಕುತ್ತಿದ್ದುವು, ಮದುವೆಯ ದಿಬ್ಬಣಗಳು ಇಳಿದು ಅಡಿಗೆ ಮಾಡುತ್ತಿದ್ದುವು, ಹುಡುಗರು ಮರಕೋತಿಯಾಡುತ್ತಿದ್ದರು. ಯಾರಿಗೂ ಸೇರದುದರಿಂದ ಎಲ್ಲರಿಗೂ ಸೇರಿದ ನೆಲ ಅದು. (ಹಾಗೆಂದು ಹಿಂದಿನ ಕಾಲವೆಲ್ಲ ಚಿನ್ನವೆಂದು ನಾವು ಹೇಳಲಾರೆವು. ಅರಳಿಯ ಕಟ್ಟೆ ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ. ಹೆಂಗಸರು ಅಲ್ಲಿಗೆ ಹೋದರೆ ಪ್ರದಕ್ಷಿಣೆಗೇ ಹೊರತು ವಿಶ್ರಾಂತಿಗಲ್ಲ.)

ಇವು ಹೋದುದು ಹೇಗೆ? ಹಿತ್ತಲನ್ನು ನುಂಗಿದುದು ಮೂವತ್ತು-ನಲವತ್ತರ ನಿವೇಶನ. ಮೂವತ್ತಡಿ ಅಗಲ, ನಲವತ್ತಡಿ ಉದ್ದದ ನೆಲದಲ್ಲಿ ಮನೆ ಕಟ್ಟಿ, ಮುಂದೆ ವಾಹನ ನಿಲ್ಲಿಸಿದ ಮೇಲೆ ಕರಿಬೇವಿಗೆ ಎಡೆಯೆಲ್ಲಿ? ಉಳಿದುದಕ್ಕೂ ಸಿಮೆಂಟು ಬಳಿದು ‘ಕಸವಿಲ್ಲ, ಕೆಸರಿಲ್ಲ’ ಎಂದು ಸಂತೋಷಪಡುತ್ತೇವೆ. ಸಾಲುಮರಗಳನ್ನು ರಸ್ತೆಯ ವಿಸ್ತರಣೆ ನುಂಗಿತು. ಗುಂಡುತೋಪುಗಳನ್ನು ಬಸ್ಸುನಿಲ್ದಾಣ, ಕಚೇರಿ, ಸಮುದಾಯಭವನ, ಒತ್ತುವರಿ, ಇವೆಲ್ಲ ಸ್ವಲ್ಪಸ್ವಲ್ಪವಾಗಿ ಹಂಚಿಕೊಂಡುವು. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳಲ್ಲಿ ಇನ್ನೊಂದು ವಿಶೇಷ ಕಾರಣವೂ ಉಂಟು. ಅದು ಹೊಗೆಸೊಪ್ಪು. ಈ ಸೀಮೆಯ ವರ್ಜೀನಿಯ ತಳಿಯ ಎಲೆಯನ್ನು ಬ್ಯಾರನ್ನುಗಳಲ್ಲಿ ತೂಗುಹಾಕಿ ಹಲವು ದಿನ ಎಡೆಬಿಡದೆ ಬೆಂಕಿಯ ಶಾಖ ಕೊಟ್ಟು ಹದಮಾಡಬೇಕು. ಒಣಗಿದ ಸೊಪ್ಪಿನ ತೂಕಕ್ಕೆ ಹಲವು ಪಟ್ಟು ತೂಕದ ಸೌದೆ ಬೇಕು. ಹೊಲದ ಬದುವಿನ ಹುಣಸೆ, ಹಿತ್ತಲಿನ ಮಾವು, ಕೊನೆಗೆ ತೋಪಿನ ನೇರಳೆ, ಎಲ್ಲವೂ ಆ ಒಲೆಯ ಬಾಯಿಗೆ ನೆನಪಾಗುತ್ತವೆ.

ಹೊಗೆಸೊಪ್ಪಿನ ಮಾತು ಬಂದಾಗ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಕೂಡದು. 2015ರಲ್ಲಿ ಬೆಲೆ ಕುಸಿದಾಗ ಈ ಸೀಮೆಯ ಬೆಳೆಗಾರರಲ್ಲಿ ಕೆಲವರು ಸಾಲದ ಭಾರ ತಾಳಲಾರದೆ ಪ್ರಾಣ ಕಳೆದುಕೊಂಡರು. ಅಂಥವನಿಗೆ ‘ಮರದ ಕೆಳಗೆ ಹೋಗಿ ಕೂರು, ಮನಸ್ಸು ಹಗುರಾಗುತ್ತದೆ’ ಎಂದು ಹೇಳುವುದು ಕ್ರೌರ್ಯ. ಅವನಿಗೆ ಬೇಕಾದುದು ಬೆಳೆಗೆ ಬೆಲೆ, ಸಾಲಕ್ಕೆ ವಾಯಿದೆ. ಹಾಗೆಯೇ, ತೀವ್ರವಾದ ಖಿನ್ನತೆ, ಉನ್ಮಾದ ಮೊದಲಾದುವು ರೋಗಗಳು. ಅವಕ್ಕೆ ವೈದ್ಯರುಂಟು, ಔಷಧಿಯುಂಟು. 2022ರಿಂದ ಸರ್ಕಾರದ ‘ಟೆಲಿ ಮಾನಸ್’ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಹಸುರು ಔಷಧಿಗೆ ಬದಲಲ್ಲ. ಕುಡಿಯುವ ನೀರು ಶುದ್ಧವಾಗಿದ್ದರೆ ಕಾಲರಾ ಕಡಿಮೆಯಾಗುವುದೆಂದ ಮಾತ್ರಕ್ಕೆ ಕಾಲರಾ ಬಂದವನಿಗೆ ನೀರೊಂದೇ ಸಾಕೆಂದು ಯಾರೂ ಹೇಳುವುದಿಲ್ಲ.

ಊರನ್ನು ಬುದ್ಧಿಪೂರ್ವಕವಾಗಿ ಕಟ್ಟಬಹುದೆಂಬುದಕ್ಕೆ ದೂರದ ದೃಷ್ಟಾಂತ ಬೇಕಾಗಿಲ್ಲ. ಮೈಸೂರಿಗೆ ಪ್ಲೇಗು ಬಂದುಹೋದ ಮೇಲೆ 1903ರಲ್ಲಿ ನಗರಾಭಿವೃದ್ಧಿಗೆ ಒಂದು ಮಂಡಲಿಯೇ ಏರ್ಪಟ್ಟು, ಇಕ್ಕಟ್ಟಾದ ಕೇರಿಗಳನ್ನು ಸಡಿಲಿಸಿ ಬಡಾವಣೆಗಳನ್ನು ಮಾಡಿತು. ಕೃಷ್ಣರಾಜನಗರದ ಕಥೆ ಇನ್ನೂ ಸ್ವಾರಸ್ಯವಾದುದು. ಅರ್ಕೇಶ್ವರನ ಸನ್ನಿಧಿಯಾದ ಹಳೆಯ ಎಡತೊರೆ ಕಾವೇರಿಯ ದಡದ ಊರು. ಹೊಳೆ ಉಕ್ಕಿದಾಗಲೆಲ್ಲ ನೀರು ಮನೆಯೊಳಗೆ. ಆ ಉಪದ್ರವದಿಂದ ಬೇಸತ್ತು 1925-30ರ ಅವಧಿಯಲ್ಲಿ ಹೊಳೆಯಿಂದ ದೂರದಲ್ಲಿ ಹೊಸ ಊರನ್ನು ನಕ್ಷೆ ಹಾಕಿ ಕಟ್ಟಿ, ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನಿಟ್ಟರು. ಪ್ಲೇಗಿನ ಭಯವೂ ಪ್ರವಾಹದ ಭಯವೂ ದೇಹಕ್ಕೆ ಸಂಬಂಧಿಸಿದುವು. ಅವುಗಳ ಒತ್ತಾಯದಿಂದ ನಮ್ಮವರು ಗಾಳಿ ಬೆಳಕಿಗೆ ಸ್ಥಳ ಬಿಟ್ಟರು. ಮನಸ್ಸಿನ ರೋಗಕ್ಕೆ ಅಂಥ ಗದ್ದಲವಿಲ್ಲ. ಅದು ಬೀದಿಯಲ್ಲಿ ಹೆಣ ಬೀಳಿಸುವುದಿಲ್ಲ; ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಮೆಲ್ಲಗೆ ಕೊರೆಯುತ್ತದೆ. ಆದುದರಿಂದಲೇ ಅದಕ್ಕಾಗಿ ನೆಲ ಬಿಡಬೇಕೆಂದು ಹೇಳಿದರೆ ನಕ್ಷೆ ಬರೆಯುವವರ ಕಿವಿಗೆ ಬೀಳುವುದು ಕಷ್ಟ.

ಕಾನೂನು ಮಾತ್ರ ನಮ್ಮ ಪಕ್ಷದಲ್ಲಿದೆ. ಉದ್ಯಾನ, ಆಟದ ಬಯಲು ಮತ್ತು ತೆರೆದ ಸ್ಥಳಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರ ಅಧಿನಿಯಮವೇ ಇದೆ. ಇದಕ್ಕಿಂತ ಹೆಚ್ಚಿನ ಬಲವನ್ನು ಕೊಟ್ಟದ್ದು 1991ರ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ನಕ್ಷೆಯಲ್ಲಿ ಬಿಟ್ಟಿದ್ದ ನೆಲವನ್ನು ಖಾಸಗಿ ಟ್ರಸ್ಟೊಂದಕ್ಕೆ ಶುಶ್ರೂಷಾಲಯ ಕಟ್ಟಲು ಮಂಜೂರು ಮಾಡಿದ್ದರು. ಅಲ್ಲಿಯ ನಿವಾಸಿಗಳು ವ್ಯಾಜ್ಯ ಹೂಡಿದರು. ಆಸ್ಪತ್ರೆಯೂ ಜನಹಿತವೇ ಅಲ್ಲವೆ ಎಂಬುದು ಎದುರುಪಕ್ಷದ ವಾದ. ಮೇಲುನೋಟಕ್ಕೆ ಬಲವಾದ ವಾದವೇ ಸರಿ. ಆದರೆ ಸಾರ್ವಜನಿಕ ಪಾರ್ಕಿಗೆ ಮೀಸಲಾದ ನೆಲವನ್ನು ಹಾಗೆ ಖಾಸಗಿಯವರಿಗೆ ಕೊಡತಕ್ಕದ್ದಲ್ಲವೆಂದೂ, ಅದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗೆ ಉಂಟೆಂದೂ ನ್ಯಾಯಾಲಯವು ನಿರ್ಣಯಿಸಿತು. ನಮ್ಮ ನಾಲ್ಕೂ ಪಟ್ಟಣಗಳ ಬಡಾವಣೆಗಳ ನಕ್ಷೆಗಳಲ್ಲಿ ಹಸುರು ಬಣ್ಣ ಬಳಿದ ಚೌಕಗಳಿವೆ. ಅವುಗಳಲ್ಲಿ ಕೆಲವು ಮುಳ್ಳುಗಿಡದ ಪಾಳುಗಳಾಗಿವೆ, ಕೆಲವು ಮರಳು-ಜಲ್ಲಿಯ ಉಗ್ರಾಣಗಳಾಗಿವೆ. ನಿವಾಸಿಗಳು ಕಚೇರಿಗೆ ಹೋಗಿ ತಮ್ಮ ಬಡಾವಣೆಯ ನಕ್ಷೆಯ ಪ್ರತಿಯನ್ನು ಪಡೆದು, ಚೌಕ ಎಲ್ಲಿದೆಯೆಂದು ಅಳೆದು ನೋಡುವುದು ಮೊದಲನೆಯ ಕೆಲಸ. ಗುಂಡುತೋಪಾದರೆ ತಹಶೀಲ್ದಾರರ ಕಚೇರಿಯಲ್ಲಿ ಅದರ ಸರ್ವೆ ನಂಬರೂ ವಿಸ್ತೀರ್ಣವೂ ಸಿಕ್ಕುತ್ತವೆ.

ಅರಣ್ಯ ಇಲಾಖೆಯವರು ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ವೃಕ್ಷೋದ್ಯಾನಗಳನ್ನು ಮಾಡುತ್ತಿರುವುದು ಸ್ತುತ್ಯವಾದ ಕಾರ್ಯ. ಆದರೆ ಅವು ಹೆಚ್ಚಾಗಿ ಇಲಾಖೆಯ ನೆಲ ಇರುವಲ್ಲಿ, ಅಂದರೆ ಊರ ಹೊರಗೆ, ಏರ್ಪಡುತ್ತವೆ. ವಾಹನವಿದ್ದವರು ಭಾನುವಾರ ಹೋಗಿಬರುತ್ತಾರೆ. ಪಿರಿಯಾಪಟ್ಟಣದ ಸಂಸಾರಗಳು ರಜೆಯ ದಿನ ಬೈಲುಕುಪ್ಪೆಯ ಟಿಬೆಟನ್ನರ ವಿಹಾರಕ್ಕೆ ಹೋಗಿ ಅಲ್ಲಿಯ ಹುಲ್ಲಿನ ಬಳಿ ಸಂಜೆಯ ತನಕ ಇದ್ದುಬರುವುದೂ ಹೀಗೆಯೇ. ತಮ್ಮ ಬೀದಿಯಲ್ಲಿ ಇಲ್ಲದುದನ್ನು ಅರಸಿಕೊಂಡು ಹೋಗುತ್ತಾರೆ. ತಿಮ್ಮಕ್ಕನವರ ಜೀವನದಲ್ಲಿಯೇ ಬೇರೊಂದು ಪಾಠವಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಆಕೆ ಮತ್ತು ಪತಿ ಚಿಕ್ಕಯ್ಯನವರು ಮಕ್ಕಳಿಲ್ಲದ ದುಃಖದಲ್ಲಿ, ಕುದೂರಿನ ಕಡೆಯ ರಸ್ತೆಯ ಎರಡು ಪಕ್ಕಗಳಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 385 ಮರಗಳೆಂದು ಲೆಕ್ಕ. ಅವರ ಮನಸ್ಸಿಗೆ ಆಧಾರವಾದುದು ಬೆಳೆದ ಮರದ ನೆರಳಿಗಿಂತ ಬೆಳೆಸುವ ಕೆಲಸ. ಪಾರ್ಕನ್ನು ಗುತ್ತಿಗೆದಾರನು ಕಟ್ಟಿಕೊಟ್ಟು ಬೀಗ ಹಾಕಿಹೋದರೆ ಈ ಭಾಗ್ಯವು ನಿವಾಸಿಗಳಿಗೆ ಒದಗದು.

ಬೀಗದ ಮಾತು ಬಂತು. ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಏಳು ಎಂದು ಫಲಕ ಹಾಕಿ ನಡುವೆ ಬಾಗಿಲು ಮುಚ್ಚುವ ಪದ್ಧತಿಯನ್ನು ಅನೇಕ ಊರುಗಳಲ್ಲಿ ಕಾಣುತ್ತೇವೆ. ಹೆಂಗಸರಿಗೂ ಮುದುಕರಿಗೂ ಬಿಡುವಾಗುವುದು ಮಧ್ಯಾಹ್ನ. ಮರದ ನೆರಳು ಬೇಕಾಗುವುದೂ ಆಗಲೇ. ಬೆಂಚಿಗೆ ಒರಗು ಇಲ್ಲದಿದ್ದರೆ ಮುದುಕರು ಹತ್ತು ನಿಮಿಷ ಕೂರಲಾರರು. ಸುತ್ತ ಆಳೆತ್ತರದ ಗೋಡೆ ಕಟ್ಟಿದರೆ ಒಳಗೇನು ನಡೆಯುತ್ತಿದೆಯೆಂದು ಬೀದಿಗೆ ಕಾಣದು. ಕಾಣದ ಸ್ಥಳಕ್ಕೆ ಹೆಣ್ಣುಮಕ್ಕಳು ಹೋಗರು. ಒಂದು ದೀಪ, ಒಂದು ಕುಡಿಯುವ ನೀರಿನ ನಲ್ಲಿ, ಸಾಧ್ಯವಾದರೆ ಶೌಚಾಲಯ. ಹುಲ್ಲಿಗಿಂತ ಮೊದಲು ಇವು.

ಮರಗಳ ಆಯ್ಕೆಯಲ್ಲಿ ನಮ್ಮ ಸೀಮೆಯ ಹಳಬರನ್ನು ನಂಬಬಹುದು: ಹೊಂಗೆ, ಬೇವು, ನೇರಳೆ, ಹಿಪ್ಪೆ, ಸ್ಥಳ ವಿಶಾಲವಾಗಿದ್ದರೆ ಅತ್ತಿ, ಆಲ. ಹೊಂಗೆ ಬೇಸಗೆಯ ಮೊದಲಲ್ಲೇ ತಳಿರೊಡೆದು ಬಿಸಿಲು ಏರುವ ಹೊತ್ತಿಗೆ ನೆರಳು ಸಿದ್ಧಮಾಡುತ್ತದೆ. ನೇರಳೆಯ ಕೆಳಗೆ ನೆಲ ಬಣ್ಣವಾಗುವುದೆಂದು ದೂರುವವರುಂಟು; ಅದರ ಹಣ್ಣಿಗೆ ಬರುವ ಹಕ್ಕಿಗಳನ್ನೂ ಹುಡುಗರನ್ನೂ ಲೆಕ್ಕಕ್ಕೆ ಹಿಡಿದರೆ ಆ ದೂರು ನಿಲ್ಲುವುದಿಲ್ಲ. ಗುಂಡಿಯನ್ನು ಬೇಸಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟಿರಬೇಕು. ಮುಂಗಾರು ಹಿಡಿದು ನೆಲ ನೆನೆದ ಮೇಲೆ ಸಸಿ ಇಳಿಸಿ, ಗೊಬ್ಬರ ಬೆರೆತ ಮಣ್ಣು ತುಂಬಿ, ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟಬೇಕು. ಆಮೇಲೆ ಮೂರು ಬೇಸಗೆಗಳ ಕಾಲ ನೀರು. ಬೀದಿಯ ಏಳು ಮನೆಯವರು ಒಪ್ಪಿಕೊಂಡರೆ ವಾರಕ್ಕೆ ಒಬ್ಬೊಬ್ಬರ ಸರದಿ ಒಂದು ದಿನ ಮಾತ್ರ, ಗಿಡವೊಂದಕ್ಕೆ ಎರಡು ಕೊಡ ನೀರು.